ಯುನೊಸಾವಾ ಸೇತುವೆಯ ಹಿಮ

ಹಿಮವನ್ನು ಅಚ್ಚೊತ್ತುವುದಲ್ಲ, ಬಿಡುವುದು. ಮರದ ಹಲಗೆಯಿಂದ ಚಿತ್ರ ಅಚ್ಚು ಹಾಕುವ ಇಸಾಬುರೊ ಈ ಮಾತನ್ನು ಅದೆಷ್ಟು ಸಲ ಹೇಳಿದ್ದನೋ, ಕೇಳಿ ಕೇಳಿ ಅವನ ಹೆಂಡತಿ ತಾಕಿಯ ಕಿವಿ ತೂತು ಬಿದ್ದಿತ್ತು. ಆಕಾಶಕ್ಕೆ ಮಸಿ ಹಚ್ಚು, ಹೊಳೆಗೆ ನೀಲಿ ಹಚ್ಚು, ಮನೆಗಳ ಮರದ ಗೋಡೆಗೆ ಕಂದು ಹಚ್ಚು. ಹಿಮ ಇರುವ ಕಡೆ ಮಾತ್ರ ಕೈ ಇಡಬೇಡ. ಕಾಗದ ತನ್ನ ಬಣ್ಣದಲ್ಲಿ ತಾನು ಉಳಿದರೆ ಅದೇ ಹಿಮ. ಬೀಳುತ್ತಿರುವ ಹಿಮ ಬೇಕೆಂದರೆ ಕೆತ್ತುವವನು ಆಕಾಶದ ಹಲಗೆಯಲ್ಲಿ ಒಂದೊಂದು ಚುಕ್ಕಿಗೂ ಒಂದೊಂದು ಗುಳಿ ತೋಡಿಕೊಡುತ್ತಾನೆ, ಅಲ್ಲಿ ಬಣ್ಣ ಹತ್ತುವುದಿಲ್ಲ, ಮುಗಿಯಿತು. ಊಟಕ್ಕೆ ಕೂತರೂ ಇದೇ ಮಾತು, ಬೀದಿಯ ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲಿ ಬರುವಾಗಲೂ ಇದೇ, ಕುಡಿದ ದಿನವಂತೂ ಕೇಳುವುದೇ ಬೇಡ. ತಾಕಿ ಹೂಂಗುಟ್ಟುತ್ತಿದ್ದಳು. ಸೊಂಟದ ಮಟ್ಟ ಹಿಮ ಬೀಳುವ ಊರಲ್ಲಿ ಬೆಳೆದವಳು ಅವಳು, ಅದರ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಮನೆ.

ಈಗ ಇದ್ದದ್ದನ್ನು ಮನೆ ಅನ್ನುವ ಹಾಗಿರಲಿಲ್ಲ. ಎಡೊ ಪಟ್ಟಣದ ಹಿಂದೋಣಿಯ ಸಾಲಿನಲ್ಲಿ ಒಂದೇ ಒಂದು ಕೋಣೆ. ಹಾಸಿಗೆ ಮಡಚಿಟ್ಟರೆ ಊಟದ ಮನೆ, ಬಿಡಿಸಿದರೆ ಮಲಗುವ ಮನೆ. ಪಕ್ಕದ ಮನೆಯ ಮುದುಕ ಸೀನಿದರೆ ಇವರ ದೀಪ ಅಲುಗುತ್ತಿತ್ತು. ಹೊಸಿಲು ದಾಟಿದರೆ ಚರಂಡಿ, ಚರಂಡಿ ದಾಟಿದರೆ ಓಣಿಗೆಲ್ಲ ಒಂದೇ ಪಾಯಿಖಾನೆ. ಮಕ್ಕಳಾಗಲಿಲ್ಲ; ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಯಜಮಾನ ಹಾನ್‌ಬೇಯ ಅಂಗಡಿ ಒಂದು ದಿನ ಗಂಡನ ಕೈಗೆ ಬರುತ್ತದೆ, ಅಂಗಡಿಯ ಮೇಲಿನ ಬಿಸಿಲು ಬೀಳುವ ಕೋಣೆಗಳು ತನ್ನವಾಗುತ್ತವೆ ಅನ್ನುವ ಒಂದೇ ಆಸೆಯ ಮೇಲೆ ತಾಕಿ ಇಷ್ಟು ವರ್ಷ ಆ ಚರಂಡಿ ದಾಟಿದ್ದಳು.

ಹಾನ್‌ಬೇ ಚಿತ್ರಗಳನ್ನು ಅಚ್ಚು ಹಾಕುವವರಲ್ಲಿ ಹೆಸರಾದವನು. ಚಿತ್ರ ಬರೆಯುವವನು ಬೇರೆ, ಹಲಗೆ ಕೆತ್ತುವವನು ಬೇರೆ, ಮಾರುವ ಪ್ರಕಾಶಕ ಬೇರೆ. ಬಣ್ಣ ಹಚ್ಚಿ ಕಾಗದಕ್ಕೆ ಇಳಿಸುವುದು ಈ ಅಂಗಡಿಯ ಕೆಲಸ. ಅದಕ್ಕೆ ಬೇಕಾದದ್ದು ಬಾರೆನ್, ಅಂಗೈಯಗಲದ ಒಂದು ಬಿಲ್ಲೆ. ಒಳಗೆ ಬಿದಿರು ನಾರಿನ ಹುರಿಯ ಸುರುಳಿ, ಮೇಲೆ ಬಿದಿರ ಸಿಪ್ಪೆಯ ಹೊದಿಕೆ. ಬಣ್ಣದ ಹಲಗೆಯ ಮೇಲೆ ಕಾಗದ ಹಾಸಿ ಅದರ ಬೆನ್ನನ್ನು ಇದರಿಂದ ಉಜ್ಜಬೇಕು. ಹೊದಿಕೆ ಹರಿದಂತೆಲ್ಲ ಹೊಸದು ಹಾಕುತ್ತಾರೆ, ಒಳಗಿನ ಹುರಿ ಮಾತ್ರ ತಲೆಮಾರು ಕಳೆದರೂ ಜಗ್ಗುವುದಿಲ್ಲ. ಹಾನ್‌ಬೇಯ ಬಾರೆನ್ ಅವನ ಗುರುವಿನ ಗುರುವಿನದು. ಅದು ಯಾರ ಕೈ ಸೇರುತ್ತದೋ ಅಂಗಡಿಯೂ ಅವನದೇ ಎಂದು ಕಸುಬಿನವರೆಲ್ಲ ಬಲ್ಲರು.

ಹಾನ್‌ಬೇಗೆ ಗಂಡುಮಕ್ಕಳಿಲ್ಲ. ಇಸಾಬುರೊ ಮೀಸೆ ಮೂಡುವ ಮೊದಲಿಂದ ಅವನ ಬಳಿ ಬೆನ್ನು ಮುರಿದು ದುಡಿದವನು. ಹೀಗಿರುವಾಗ ಉನೊಕಿಚಿ ಬಂದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ನಕ್ಕರೆ ಓಣಿಯ ನಾಯಿಯೂ ಬಾಲ ಅಲ್ಲಾಡಿಸಬೇಕು. ಯಜಮಾನನ ಒಬ್ಬಳೇ ಮಗಳು ಮಿತ್ಸು ಅವನನ್ನೇ ಮದುವೆಯಾದಳು. ಮದುವೆಯ ದಿನ ಕಸುಬಿನವರೆಲ್ಲ ಇಸಾಬುರೊವಿನ ಕಡೆಗೆ ಒಂದು ಥರ ನೋಡಿದರು. ಹಾನ್‌ಬೇಗೆ ಅದು ಗೊತ್ತಾಯಿತೇನೋ, ಬಟ್ಟಲು ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ, "ಮಗಳನ್ನ ಕೊಟ್ಟಿದ್ದೀನಿ, ಬಾರೆನ್ ಕೊಟ್ಟಿಲ್ಲ. ಅದು ಕೆಲಸಕ್ಕೆ," ಎಂದ. ಆ ಒಂದು ಮಾತನ್ನು ತಾಕಿ ಎರಡು ವರ್ಷ ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಓಡಾಡಿದಳು.

ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಪ್ರಕಾಶಕ ಮಸುಗಿಯಾ ಒಂದು ಕೆಲಸ ತಂದ. ಯುನೊಸಾವಾ ಅನ್ನುವ ಬಿಸಿನೀರ ಬುಗ್ಗೆಯ ಊರಿನ ಛತ್ರದವರು ಸೇರಿ ತಮ್ಮೂರಿನದೊಂದು ಹಿಮದ ಚಿತ್ರ ಮಾಡಿಸುತ್ತಿದ್ದರು. ಮಿಂದು ಹೋಗುವವರು ಊರಿಗೆ ಕೊಂಡೊಯ್ಯಲಿ, ಛತ್ರದ ಕೋಣೆಗಳಲ್ಲೂ ತೂಗಲಿ ಎಂದು. ಸಂಜೆ ಹೊತ್ತು, ಬುಗ್ಗೆಯ ಹೊಗೆ, ಹೊಳೆಗೆ ಅಡ್ಡವಾಗಿ ಮರದ ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದು ಬರುತ್ತಿರುವ ಹೆಂಗಸು, ಮೇಲಿಂದ ಒಂದೇ ಸಮನೆ ಬೀಳುತ್ತಿರುವ ಹಿಮ. ಯುನೊಸಾವಾ ತಾಕಿಯ ತವರೂರು. ಚಿತ್ರ ಬರೆದವನು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದು ಅವಳಿಗೆ ಕರಡು ನೋಡಿದ ತಕ್ಷಣ ತಿಳಿಯಿತು. ಆ ಸೇತುವೆಯ ಮೇಲೆ ಕೊಡೆ ಹಿಡಿದು ಯಾರೂ ಮೆಲ್ಲಗೆ ನಡೆಯುವುದಿಲ್ಲ, ಗಾಳಿಗೆ ಸಿಕ್ಕದೆ ಓಡುತ್ತಾರೆ.

ಹಲಗೆಗಳು ಕೆತ್ತಿ ಬಂದ ಮೇಲೆ ಹಾನ್‌ಬೇ ಇಬ್ಬರನ್ನೂ ಕೂರಿಸಿ, ಒಬ್ಬೊಬ್ಬರೂ ತಮಗೆ ತೋಚಿದ ಹಾಗೆ ಒಂದೊಂದು ಪ್ರತಿ ತೆಗೆಯಿರಿ ಎಂದ. ಮಸುಗಿಯಾ ಆರಿಸಿದವನು ಇಡೀ ಕೆಲಸ ಮಾಡಲಿ. ಚಿತ್ರ ಆ ಊರಲ್ಲಿ ಒಪ್ಪಿಗೆಯಾಗಿ ನಿಂತರೆ ವರ್ಷದ ಕೊನೆಗೆ ಬಾರೆನ್ ಅವನದು. ಇಷ್ಟು ಹೇಳಿ ಮುದುಕ ತನ್ನ ಚಹಾ ಕುಡಿಯಲು ಎದ್ದುಹೋದ.

ಇಸಾಬುರೊವಿನ ಪ್ರತಿಯನ್ನು ತಾಕಿ ನೋಡಿದಳು. ಆಕಾಶ ಮೇಲ್ಗಡೆ ಗಾಢವಾಗಿ, ಕೆಳಗಿಳಿದಂತೆ ತಿಳಿಯಾಗಿ, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದ ಹಾಗೆ ಬಂದಿತ್ತು. ಮಾಡುಗಳ ಮೇಲಿನ ಹಿಮಕ್ಕೆ ಬಣ್ಣವಿಲ್ಲದ ಹಲಗೆಯ ಮೇಲೆ ಕಾಗದವಿಟ್ಟು ಮೊಣಕೈಯಿಂದ ಒತ್ತಿದ್ದ, ಅದು ಉಬ್ಬಿ ನಿಂತಿತ್ತು. ನೋಡುತ್ತಿದ್ದರೆ ತಾಕಿಗೆ ಕಾಲ್ಬೆರಳು ಜುಮ್ಮೆಂದವು. ಗಂಡ ಇಷ್ಟು ದಿನ ಒದರಿದ್ದು ಏನೆಂದು ಅವಳಿಗೆ ಆವತ್ತು ಮೊದಲ ಸಲ ಅರ್ಥವಾಯಿತು. ಹೇಳಬೇಕೆಂದುಕೊಂಡಳು, ನಾಚಿಕೆಯಾಗಿ ಬಿಟ್ಟಳು.

ಉನೊಕಿಚಿಯೂ ಅದನ್ನೆಲ್ಲ ಮಾಡಿದ್ದ, ಅಷ್ಟು ನಯವಾಗಿ ಅಲ್ಲ. ಆದರೆ ಕೊನೆಗೆ ಒಂದು ಕುಂಚವನ್ನು ಬಿಳಿಯಲ್ಲಿ ಅದ್ದಿ, ಕೋಲಿಗೆ ತಟ್ಟಿ, ಚಿತ್ರದ ಮೇಲೆಲ್ಲ ಹನಿ ಹಾರಿಸಿದ್ದ. ಹೆಂಗಸಿನ ಕೊಡೆಯ ಮೇಲೆ, ಸೇತುವೆಯ ಕಂಬದ ಮೇಲೆ, ಹೊಳೆಯ ಮೇಲೆ ಬಿಳಿ ದಪ್ಪಗೆ ಕೂತು ಹೊಳೆಯುತ್ತಿತ್ತು. ಮಸುಗಿಯಾ ಅದನ್ನು ಬೆಳಕಿಗೆ ಓರೆ ಮಾಡಿ ಹಿಡಿದು, ಬೆರಳಿನಿಂದ ಸವರಿ, ಉದುರದಿರುವುದನ್ನು ಕಂಡು ಬಾಯಿ ಚಪ್ಪರಿಸಿದ. ಕಪ್ಪೆಚಿಪ್ಪು ಅರೆದು ಮಾಡಿದ ಬಿಳಿಯನ್ನು ಹೀಗೆ ಚಿಮುಕಿಸುವುದು ಹೊಸದೇನಲ್ಲ, ಆದರೆ ಅದು ಒಣಗಿದ ಮೇಲೆ ಮಂಕಾಗುತ್ತದೆ, ಕೆದಕಿದರೆ ಉದುರುತ್ತದೆ. ಇದು ಹೇಗೆ ನಿಂತಿತಪ್ಪ ಎಂದು ಎಲ್ಲರೂ ಕೇಳಿದರು. ಅಂಟು ಬೇಯಿಸುವುದರಲ್ಲಿ ಒಂದು ಗುಟ್ಟಿದೆ ಎಂದು ಉನೊಕಿಚಿ ಕಣ್ಣು ಮಿಟುಕಿಸಿದ. ಮಸುಗಿಯಾ ಇಸಾಬುರೊವಿನ ಪ್ರತಿಯನ್ನು ಪಕ್ಕಕ್ಕೆ ಸರಿಸುತ್ತ, "ಇದ್ರಲ್ಲಿ ಹಿಮ ಎಲ್ಲಯ್ಯಾ? ಕಾಗದ ತಾನೇ ಕಾಣ್ತಿರೋದು?" ಎಂದ. ಇಸಾಬುರೊ ಅದನ್ನು ಎತ್ತಿಕೊಂಡು ಎದ್ದ.

ಕೆಲಸ ಶುರುವಾಯಿತು. ಇಡೀ ಅಂಗಡಿ ಉನೊಕಿಚಿಯ ಕೈಕೆಳಗೆ ಕೂತಿತು. ಆಕಾಶ ಉಜ್ಜುವ ಕೆಲಸ ಇಸಾಬುರೊವಿಗೆ ಬಿತ್ತು, ಅದನ್ನು ಅವನಷ್ಟು ಚೆನ್ನಾಗಿ ಮಾಡುವವರು ಬೇರೆ ಇರಲಿಲ್ಲವಲ್ಲ. ಹಾಳೆಗಳನ್ನು ದಾರಕ್ಕೆ ತೂಗಿ ಒಣಗಿಸಲು ತಾಕಿಯನ್ನೂ ಕರೆದರು. ಬಿಳಿ ಚಿಮುಕಿಸಿದ ಮೊದಲ ಹಾಳೆಗಳನ್ನು ಎತ್ತುವಾಗ ಅಂಚಿನ ಒಂದು ಹನಿ ಅವಳ ಹೆಬ್ಬೆರಳಿಗೆ ಹತ್ತಿತು. ಒರೆಸಿಕೊಳ್ಳಲೆಂದು ತೋರುಬೆರಳಿಂದ ಉಜ್ಜಿದಳು. ಅದು ಜಾರಿತು. ಚಿಪ್ಪಿನ ಬಿಳಿ ಹಾಗೆ ಜಾರುವುದಿಲ್ಲ, ಬೆರಳ ನಡುವೆ ತರಿತರಿ ಅನ್ನುತ್ತದೆ. ಇದು ಸೀಸದ ಬಿಳಿ, ಪಟ್ಟಣದ ಹೆಂಗಸರು ಮುಖಕ್ಕೆ ಬಳಿದುಕೊಳ್ಳುವ ಪುಡಿ. ತಾಕಿ ದಾರದ ಕೆಳಗೆ ಹಾಳೆ ಹಿಡಿದು ನಿಂತೇ ಇದ್ದಳು. ಯಾರೋ ಹಿಂದಿನಿಂದ, ತೂಗಮ್ಮ, ನಿದ್ದೆ ಬಂತೇ ಎಂದು ಗೇಲಿ ಮಾಡಿದರು.

ಸಂಜೆ ಅನ್ನ ಬಡಿಸುತ್ತ ಗಂಡನಿಗೆ ಹೇಳಿದಳು.

"ರೀ, ಅದು ಚಿಪ್ಪಲ್ಲ. ಸೀಸ."

"ನಿಂಗೆ ಹ್ಯಾಗೆ ಗೊತ್ತು?"

"ನನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಯುನೊಸಾವಾಕ್ಕೆ ಹೋಗಿ ನಾಕು ದಿನ ತೂಗಿದ್ರೆ ಎಲ್ಲಾ ಕಪ್ಪಾಗುತ್ತೆ. ನನ್ ಮುಖ ಆಗಿತ್ತಲ್ಲ, ಹಾಗೆ."

ಇಸಾಬುರೊ ತಿನ್ನುವುದನ್ನು ನಿಲ್ಲಿಸಿದ. ಆ ಕಥೆ ಅವನಿಗೆ ಗೊತ್ತಿತ್ತು, ಈ ಪಟ್ಟಣದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಯುನೊಸಾವಾದ ನೀರು ಗಂಧಕದ್ದು. ಕೊಳೆತ ಮೊಟ್ಟೆಯ ನಾತ ಊರಿಗೆ ಊರೇ ಹೊಡೆಯುತ್ತದೆ, ಬೆಳ್ಳಿಯ ಮುಡಿಕಡ್ಡಿ ಸಿಕ್ಕಿಸಿಕೊಂಡು ಬಂದರೆ ಎರಡು ದಿನಕ್ಕೆ ಕಬ್ಬಿಣದ್ದೇನೋ ಅನ್ನುವ ಹಾಗೆ ಕರ್ರಗಾಗುತ್ತದೆ, ಸೀಸದ ಬಿಳಿಯೂ ಅಷ್ಟೇ. ತಾಕಿ ಅಲ್ಲಿ ಛತ್ರದ ಕೆಲಸದ ಹುಡುಗಿ. ಹಬ್ಬದ ದಿನ ಪಟ್ಟಣದಿಂದ ಬಂದಿದ್ದ ಹೆಂಗಸೊಬ್ಬಳು ಗಂಟು ಕಟ್ಟುವ ಅವಸರದಲ್ಲಿ ಬಿಟ್ಟುಹೋದ ಪುಡಿಯನ್ನು ಕದ್ದು ಮುಖ ಕುತ್ತಿಗೆಗೆಲ್ಲ ಬಳಿದುಕೊಂಡು, ತಾನೂ ಒಬ್ಬ ಚೆಲುವೆ ಅಂದುಕೊಂಡು, ಸ್ನಾನದ ಕೊಳದ ಬಳಿ ಹೆಂಡ ಹಿಡಿದು ಹೋದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ಹಿಗ್ಗಿದಳು. ಆಮೇಲೆ ನಗು ಕೇಳಿಸಿತು. ನೀರಲ್ಲಿ ಬಗ್ಗಿ ನೋಡಿಕೊಂಡರೆ ಮುಖ ಬೂದುಗಪ್ಪಾಗಿ, ಬೆವರು ಹರಿದ ಕಡೆ ಗೆರೆಗೆರೆಯಾಗಿ, ಒಲೆಯಿಂದ ಇಳಿಸಿದ ಗಡಿಗೆಯ ತಳದ ಹಾಗಿತ್ತು. ಆವತ್ತಿಂದ ಊರು ಬಿಡುವ ತನಕ ಅವಳ ಹೆಸರು ಗಡಿಗೆ ತಳ. ಅವಳು ಊರು ಬಿಟ್ಟದ್ದೇ ಆ ಹೆಸರಿನ ಕಾಟಕ್ಕೆ. ಮದುವೆಯಾದ ಹೊಸತರಲ್ಲಿ ಒಂದು ದಿನ ಅದನ್ನೆಲ್ಲ ಇಸಾಬುರೊವಿಗೆ ಹೇಳಿ ಅತ್ತಿದ್ದಳು, ಅವನು ನಕ್ಕಿರಲಿಲ್ಲ. ಅವನ ಮೇಲೆ ಅವಳಿಗೆ ಇದ್ದ ಪ್ರೀತಿಯ ಬಹುಪಾಲು ಆ ನಗದೇ ಇದ್ದದ್ದರಿಂದ ಬಂದದ್ದು.

"ನಾಳೆ ಯಜಮಾನ್ರಿಗೆ ಹೇಳ್ತೀನಿ. ನೀನು ಬಾಯಿ ಬಿಡಬೇಡ," ಎಂದು ಅವನು ಮತ್ತೆ ತಿನ್ನತೊಡಗಿದ.

ಮರುದಿನ ತಾಕಿ ಹಾಳೆ ತೂಗುತ್ತ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದಳು. ಯಜಮಾನ ಬಂದ, ಕೂತ, ಹೋದ. ಇಸಾಬುರೊ ಆಕಾಶ ಉಜ್ಜಿದ. ಅದರ ಮರುದಿನವೂ ಅಷ್ಟೇ. ಉನೊಕಿಚಿ ಬಂದು, ಅಣ್ಣಾ ನಿನ್ನ ಆಕಾಶ ಇಲ್ಲದಿದ್ದರೆ ನನ್ನ ಹಿಮ ಎಲ್ಲಿಂದ ಬೀಳಬೇಕಿತ್ತು ಎಂದು ಬೆನ್ನು ತಟ್ಟಿದಾಗಲೂ ಇಸಾಬುರೊ ಬರೀ ಮುಗುಳ್ನಕ್ಕ. ಆ ಮುಗುಳ್ನಗೆ ತಾಕಿಗೆ ಹಿಡಿಸಲಿಲ್ಲ. ಮನೆಗೆ ಬಂದ ಮೇಲೆ ಹೇಳಿದ್ರಾ ಎಂದು ಕೇಳಿದಳು.

"ನಾನು ಹೇಳಿದ್ರೆ ಏನಂತಾರೆ? ಸೋತವನ ಹೊಟ್ಟೆಕಿಚ್ಚು ಅಂತಾರೆ," ಎಂದ. ಆಮೇಲೆ ಅವಳ ಕಡೆ ನೋಡದೆ, "ನನ್ನ ಯಾರಾದ್ರೂ ಕೇಳಿದ್ರಾ? ಕೇಳಲಿ, ಹೇಳ್ತೀನಿ," ಎಂದ.

ಯಾರು ಕೇಳುತ್ತಾರೆ? ಸೀಸ ಎಂದು ಗೊತ್ತಿದ್ದರೆ ತಾನೇ ಕೇಳುವುದು? ತಾಕಿಗೆ ಅವನ ಮೇಲೆ ಸಿಟ್ಟು ಬಂತು. ತನ್ನ ಬದುಕಿನ ಅತಿ ದೊಡ್ಡ ಅವಮಾನವನ್ನು ನಂಬಿ ಅವನ ಮಡಿಲಲ್ಲಿ ಹಾಕಿದ್ದಳು, ಅವನು ಸುಮ್ಮನಿದ್ದು ಅದನ್ನೇ ಈಗ ಉನೊಕಿಚಿಯ ಎಲೆಗೂ ಬಡಿಸಲು ಹೊರಟಿದ್ದ. ಸಿಟ್ಟಿನ ಜೊತೆಗೇ ಬಿಸಿಲು ಬೀಳುವ ಕೋಣೆಗಳೂ ಕಣ್ಣ ಮುಂದೆ ಬಂದವು. ಎರಡನ್ನೂ ಬೇರೆ ಮಾಡಲು ಅವಳಿಗೆ ಆಗಲಿಲ್ಲ. ರಾತ್ರಿ ಕಳೆದು ಬೆಳಗಾದಾಗ ಮಿತ್ಸುವಿಗೆ ತಾನೇ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡಳು. ಹಾಳೆಗಳು ಇನ್ನೂ ಇಲ್ಲೇ ಇವೆ, ಕಾಲ ಮಿಂಚಿಲ್ಲ.

ಮಿತ್ಸು ಮಹಡಿಯ ಜಗಲಿಯಲ್ಲಿ ಕಾಲು ಚಾಚಿ ಕೂತು, ಸೂರಿಗೆ ತೂಗಿ ಒಣಗಿಸಲು ಒಗರು ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದಳು. ಅವಳು ಬಸುರಿ, ಐದು ತಿಂಗಳು ತುಂಬಿತ್ತು. ತಾಕಿ ಈ ಪಟ್ಟಣಕ್ಕೆ ಬಂದಾಗ ತಾಯಿಯಿಲ್ಲದ ಪುಟ್ಟ ಹುಡುಗಿ ಇವಳು. ಇವಳ ತಲೆ ಬಾಚಿದ್ದು, ಬೆನ್ನಿಗೆ ಕಟ್ಟಿಕೊಂಡು ಹೊಳೆ ತೋರಿಸಿದ್ದು ತಾಕಿಯೇ. ಈಗಲೂ ಮಿತ್ಸು ಅವಳನ್ನು ಕಂಡರೆ ಮುಖ ಅರಳಿಸುತ್ತಿದ್ದಳು. ತಾಕಿ ಪಕ್ಕದಲ್ಲಿ ಕೂತು, ಒಂದು ಹಣ್ಣು ಎತ್ತಿಕೊಂಡು, ನಿಮ್ಮವರು ಆ ಬಿಳಿಯನ್ನು ಎಲ್ಲಿಂದ ತಂದರು ಎಂದು ಮೆಲ್ಲಗೆ ಶುರು ಮಾಡಿದಳು.

ಮಿತ್ಸು ಚಾಕು ಕೆಳಗಿಟ್ಟು ಬಾಯಿಗೆ ಬೆರಳಿಟ್ಟುಕೊಂಡು ನಕ್ಕಳು. "ಗುಟ್ಟು ಕಣಕ್ಕ. ನನ್ನ ಮುಖದ ಪುಡಿ! ನಾನೇ ಹೇಳಿಕೊಟ್ಟಿದ್ದು. ಅತ್ರೂ ಅಳಿಸಲ್ಲ, ನಕ್ರೂ ಉದುರಲ್ಲ, ಇದನ್ನೇ ಹಾಕಿ ನೋಡ್ರೀ ಅಂದೆ. ಅಪ್ಪನಿಗೆ ಗೊತ್ತಾದ್ರೆ ಹೆಂಗಸಿನ ಮಾತು ಕೇಳಿ ಬಣ್ಣ ಕಲಸ್ತಾನೆ ಅಂತ ಇವ್ರನ್ನ ಆಡ್ಕೋತಾರೆ. ಯಾರಿಗೂ ಹೇಳ್ಬೇಡಿ."

ತಾಕಿ ಬಾಯಿ ತೆರೆದಳು. ಆದರೆ ಮಿತ್ಸುವಿನ ಮಾತು ಮುಗಿದಿರಲಿಲ್ಲ. ಅವಳ ಕೈ ಹಿಡಿದುಕೊಂಡು, ತುಂಬಾ ದಿನದಿಂದ ಒಳ್ಳೆಯ ಸುದ್ದಿಯೊಂದನ್ನು ಕೂಡಿಟ್ಟುಕೊಂಡವಳ ಹಾಗೆ ಹೇಳಿದಳು.

"ಅಂಗಡಿ ಇವ್ರದಾದ್ಮೇಲೂ ನಿಮ್ಮನ್ನ ನಾವು ಕೈಬಿಡಲ್ಲ ಅಕ್ಕ. ಇವ್ರೂ ಅದನ್ನೇ ಅಂತಾರೆ, ಇಸಾಬುರೊ ಅಣ್ಣ ಇಲ್ದಿದ್ರೆ ಕಾಗದ ನೆನೆಸೋರು ಯಾರು ಅಂತ. ಕೆಳಗೆ ಬಾವಿ ಪಕ್ಕ ಸೌದೆ ಕೋಣೆ ಇದೆಯಲ್ಲ, ಸೌದೆ ತೆಗೆಸಿ ಚಾಪೆ ಹಾಕಿಸಿದ್ರೆ ನಿಮ್ಮಿಬ್ರಿಗೆ ಧಾರಾಳ ಆಯ್ತು. ಆ ಚರಂಡಿ ನಾತ ತಪ್ಪುತ್ತೆ. ನನ್ನ ಮಗೂನೂ ನೀವೇ ಎತ್ಕೊಬೇಕು, ನನ್ನ ಎತ್ಕೊಂಡ ಹಾಗೆ."

ಅವಳು ಮನಸಾರೆ ಹೇಳಿದ್ದಳು. ಕೊಂಕು ಅನ್ನುವುದು ಆ ಹುಡುಗಿಗೆ ಗೊತ್ತೇ ಇರಲಿಲ್ಲ, ಅದೇ ತಾಕಿಗೆ ತಡೆಯಲಾಗದೆ ಹೋದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಗದ ನೆನೆಸುವುದು ನಿನ್ನೆ ಸೇರಿದ ಹೊಸಬರ ಕೆಲಸ. ಆಕಾಶವನ್ನು ಕರಗಿಸಿ ಇಳಿಸುವ ಕೈಗೆ ಇವರು ಕಾಗದ ನೆನೆಸುವ ಕೆಲಸ ಇಟ್ಟಿದ್ದರು, ಅವಳ ಇಷ್ಟು ವರ್ಷದ ಕಾಯುವಿಕೆಗೆ ಸೌದೆ ಕೋಣೆ ಇಟ್ಟಿದ್ದರು, ಅದೂ ಅವಳು ಖುಷಿಪಡುತ್ತಾಳೆಂದು ನಂಬಿ. ತಾಕಿ ಹೇಳಬೇಕೆಂದು ತಂದಿದ್ದ ಮಾತನ್ನು ಅಲ್ಲೇ ನುಂಗಿದಳು.

"ಇಲ್ಲ ಕಣೇ, ಯಾರಿಗೂ ಹೇಳಲ್ಲ," ಎಂದಳು. ಉಳಿದ ಹಣ್ಣುಗಳನ್ನೆಲ್ಲ ತಾನೇ ಹೆರೆದು, ದಾರಕ್ಕೆ ಕಟ್ಟಿ, ಸೂರಿಗೆ ತೂಗಿ ಕೊಟ್ಟು ಬಂದಳು.

ಚಿತ್ರಗಳು ಎಣ್ಣೆಕಾಗದದಲ್ಲಿ ಸುತ್ತಿ, ಹುಲ್ಲುಚಾಪೆಯಲ್ಲಿ ಕಟ್ಟಿ, ಕುದುರೆಗಳ ಮೇಲೆ ಬೆಟ್ಟದ ದಾರಿ ಹಿಡಿದವು. ಹೊರಡುವ ದಿನ ಹಾನ್‌ಬೇ ಕುದುರೆಯವನಿಗೆ ಹೆಂಡ ಕುಡಿಸಿದ. ಉನೊಕಿಚಿ ಕುದುರೆಯ ಕಿವಿಯಲ್ಲಿ ಜೋಪಾನ ಮಾರಾಯ ಎಂದು ಹೇಳಿ ಎಲ್ಲರನ್ನೂ ನಗಿಸಿದ. ತಾಕಿಯೂ ನಕ್ಕಳು. ಕುದುರೆಯ ಗಂಟೆ ಬೀದಿಯ ತಿರುವು ದಾಟುವ ತನಕ, ಈಗಲೂ ಕೂಗಿದರೆ ನಿಲ್ಲುತ್ತದೆ, ಈಗಲೂ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು. ಗಂಡ ಅವಳ ಪಕ್ಕದಲ್ಲೇ ನಿಂತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋದರು.

ವರ್ಷದ ಕೊನೆಗೆ, ಬೀದಿಯಲ್ಲಿ ಹೊಸವರ್ಷದ ಅಕ್ಕಿಕಡುಬಿಗೆ ಒನಕೆ ಹಾಕುವ ಸದ್ದು ಕೇಳತೊಡಗಿದಾಗ, ಕಟ್ಟುಗಳು ತಿರುಗಿ ಬಂದವು. ಜೊತೆಗೆ ಛತ್ರದವರ ಕಡೆಯ ಒಬ್ಬ ಮನುಷ್ಯ, ಮುಖ ಗಂಟು ಹಾಕಿಕೊಂಡು. ಮಸುಗಿಯಾನೂ ಓಡಿ ಬಂದ. ಕಟ್ಟು ಬಿಚ್ಚಿ ಚಾಪೆಯ ಮೇಲೆ ಹಾಸಿದರು. ಕೊಡೆಯ ಮೇಲೆ, ಸೇತುವೆಯ ಮೇಲೆ, ಹೊಳೆಯ ಮೇಲೆ ಕೂತಿದ್ದ ಅಷ್ಟೂ ಹಿಮ ಕರ್ರಗೆ ಕಪ್ಪಾಗಿತ್ತು. ಮಾಡಿನ ಮೇಲೆ ಕಾಗದ ಬಿಟ್ಟಿದ್ದ ಕಡೆ ಮಾತ್ರ ಮೊದಲಿನ ಹಾಗೇ ಬೆಳ್ಳಗಿತ್ತು, ಅದರಿಂದ ಕಪ್ಪು ಇನ್ನೂ ಎದ್ದು ಕಾಣುತ್ತಿತ್ತು.

ಬಂದವನು ಕೂಗಾಡಲಿಲ್ಲ. ಯುನೊಸಾವಾದ ತಲೆಯ ಮೇಲಿರುವುದು ಬೆಂಕಿಬೆಟ್ಟ. ಅಜ್ಜಂದಿರ ಕಾಲದಲ್ಲಿ ಅದು ಬೂದಿ ಉಗುಳಿ ಅರ್ಧ ಊರನ್ನು ಮುಚ್ಚಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ದಿನದಿನಕ್ಕೂ ಬೂದಿ ಬೀಳುವುದನ್ನು ಕಂಡು ಮೀಯಲು ಬಂದವರು ಗಂಟು ಕಟ್ಟಿದರು, ಊರಿನ ಮುದುಕಿಯರು ಬೆಟ್ಟಕ್ಕೆ ಅಕ್ಕಿ ಹೊತ್ತು ಹರಕೆಗೆ ಹೋದರು, ಛತ್ರಗಳು ಖಾಲಿ ಬಿದ್ದವು. ಇಷ್ಟನ್ನೂ ಅವನು ಸಣ್ಣ ದನಿಯಲ್ಲಿ ಹೇಳಿದ. ಕೊನೆಗೆ, ನಮ್ಮೂರಿಗೆ ಸೀಸ ತರಬಾರದು ಎಂದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು, ಚಿಪ್ಪು ಅಂದಿರಿ ಎಂದು ನಂಬಿದೆವು ಎಂದ.

ಹಾನ್‌ಬೇ ಅಳಿಯನ ಕಡೆ ತಿರುಗಿದ. ಉನೊಕಿಚಿಯ ಮುಖದಲ್ಲಿ ರಕ್ತವಿರಲಿಲ್ಲ. ಸೀಸವೇ, ನಾನೇ ಪೇಟೆಯಿಂದ ತಂದದ್ದು, ನನ್ನ ತಲೆಗೇ ಹೊಳೆದದ್ದು ಎಂದ. ಮೆಟ್ಟಿಲ ಮೇಲಿಂದ ಏನೋ ಹೇಳಲು ಹೊರಟ ಮಿತ್ಸುವನ್ನು ಕಣ್ಣಲ್ಲೇ ತಡೆದ. ಇಸಾಬುರೊ ಮೂಲೆಯಲ್ಲಿ ತನ್ನ ಬಾರೆನ್‌ಗೆ ಹೊಸ ಹೊದಿಕೆ ಕಟ್ಟುತ್ತಿದ್ದವನು ಕಟ್ಟುತ್ತಲೇ ಇದ್ದ. ತಾಕಿಗೆ ತಲೆ ಎತ್ತಲು ಧೈರ್ಯವಾಗಲಿಲ್ಲ.

ಕಸುಬಿನಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮೂರನೆಯ ದಿನಕ್ಕೆ ಉನೊಕಿಚಿಯ ಹೆಸರು ಹೇಳಿದರೆ ಪ್ರಕಾಶಕರು ಬೇಡಪ್ಪ ಎಂದು ಕೈ ಮುಗಿಯುವ ಹಾಗಾಯಿತು. ಹೊಳೆಯಾಚೆ ಮಿಠಾಯಿ ಕಟ್ಟುವ ಕಾಗದಕ್ಕೆ ಒಂದೇ ಬಣ್ಣದ ಮುದ್ರೆ ಒತ್ತುವವನೊಬ್ಬ ಅವನನ್ನು ಕೆಲಸಕ್ಕೆ ಕರೆದ, ಕರೆದದ್ದೇ ದೊಡ್ಡದು.

ವರ್ಷದ ಕೊನೆಯ ಊಟಕ್ಕೆ ಹಾನ್‌ಬೇ ಎಲ್ಲರನ್ನೂ ಕೂರಿಸಿದ. ಬಟ್ಟೆಯಲ್ಲಿ ಸುತ್ತಿದ ಬಾರೆನ್ ತಂದು ಇಸಾಬುರೊವಿನ ಮುಂದೆ ಇಟ್ಟ. "ಕೆಲಸಕ್ಕೆ ಅಂತ ಹೇಳಿದ್ದೆ. ನಿನ್ನ ಹಿಮ ನಿಂತಿದೆ, ತಗೋ," ಎಂದ. ಇಸಾಬುರೊ ಹಣೆ ಚಾಪೆಗೆ ಮುಟ್ಟಿಸಿದ. ಮುದುಕ ಅವನನ್ನು ನೋಡುತ್ತಿರಲಿಲ್ಲ, ತಾಕಿಯನ್ನು ನೋಡುತ್ತಿದ್ದ.

"ನಿನ್ನ ತವರು ಯುನೊಸಾವಾ ಅಲ್ವೇನಮ್ಮ?"

"ಹೌದು, ಯಜಮಾನ್ರೆ."

"ಹಾಲು ಕುಡಿಯೋ ಮಕ್ಕಳಿಗೂ ಗೊತ್ತು ಅಂದನಲ್ಲ ಆ ಮನುಷ್ಯ."

ತಾಕಿ ಬಗ್ಗಿ ಚಹಾ ಬಟ್ಟಲನ್ನು ಅವನ ಮುಂದಕ್ಕೆ ಸರಿಸಿದಳು. ಇಸಾಬುರೊ ಚಾಪೆಯಿಂದ ತಲೆ ಎತ್ತಲಿಲ್ಲ. ಹಾನ್‌ಬೇ ಇನ್ನೇನೂ ಕೇಳಲಿಲ್ಲ, ಕೇಳಿದ್ದರೆ ಒಳ್ಳೆಯದಿತ್ತು. ಅವಳು ಮುಂದಿಟ್ಟ ಚಹಾ ಬಟ್ಟಲನ್ನು ಮುಟ್ಟದೆ ಎದ್ದು, "ಅಂಗಡಿ ನಿಮ್ಮದು, ಮನೇನೂ ನಿಮ್ಮದು. ನಾನು ಮಗಳ ಮನೇಲಿ ಉಣ್ತೀನಿ," ಎಂದ. ಮರುದಿನವೇ ತನ್ನ ಹಾಸಿಗೆ ಹೊರಿಸಿಕೊಂಡು ಹೊಳೆ ದಾಟಿ ಹೋದ, ಆ ವಯಸ್ಸಿನಲ್ಲಿ.

ಗಂಡನ ಜೊತೆ ಹೊಳೆಯಾಚೆಗೆ ಬಿಡಾರ ಹೋಗುವ ಮೊದಲು ಮಿತ್ಸು ತಾಕಿಯನ್ನು ಹುಡುಕಿಕೊಂಡು ಹಿಂದೋಣಿಗೆ ಬಂದಳು. ಚರಂಡಿ ದಾಟುವಾಗ ಹೊಟ್ಟೆ ಹಿಡಿದುಕೊಂಡಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ. ಬರಿಮುಖದಲ್ಲಿ ಅವಳು, ತಾಕಿ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದ ಕಾಲದ ಹುಡುಗಿಯ ಹಾಗೇ ಕಂಡಳು. ಕೂತವಳು ಅತ್ತಳು.

"ನಾನೇ ಕಣಕ್ಕ ಇವ್ರ ಕೈ ಕಡಿದಿದ್ದು. ನನ್ನ ಪುಡಿ, ನನ್ನ ಮಾತು. ಆದ್ರೂ ನನ್ನ ಹೆಸರು ಬರದ ಹಾಗೆ ನೋಡ್ಕೊಂಡ್ರು. ನೀವೂ ಯಾರಿಗೂ ಹೇಳಲಿಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಋಣ ಮರೆಯಲ್ಲ ಅಕ್ಕ."

ತಾಕಿ ಅವಳ ಬೆನ್ನು ಸವರುತ್ತಿದ್ದಳು. ಕೈ ತಾನಾಗಿ ಆಡುತ್ತಿತ್ತು. ಮಿತ್ಸು ಮೂಗು ಒರೆಸಿಕೊಂಡು, ಏನೋ ನೆನಪಾದವಳ ಹಾಗೆ ತಲೆ ಎತ್ತಿದಳು.

"ಅಕ್ಕ, ನೀವು ಅಲ್ಲೇ ಬೆಳೆದೋರಲ್ವಾ? ಅಲ್ಲಿ ಹೆಂಗಸ್ರು ಪುಡಿ ಹಚ್ಚೋದೇ ಇಲ್ವಾ?"

ಆ ಕಣ್ಣುಗಳಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ತಾಕಿ ಕಾಲು ಹಿಡಿದುಬಿಡುತ್ತಿದ್ದಳೋ ಏನೋ. ಒಂದು ಮಾತು ಹೇಳಿದರೆ ಈ ಹುಡುಗಿಯ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಆ ಮಾತು ಬಾಯಿಯವರೆಗೆ ಬಂತು. ಅದರ ಹಿಂದೆಯೇ ಬಿಸಿಲು ಬೀಳುವ ಕೋಣೆಗಳೂ ಬಂದವು.

"ನಾವು ಕೆಲಸದೋರು ಕಣೇ," ಎಂದಳು ತಾಕಿ. "ನಮಗೆಲ್ಲಿಂದ ಪುಡಿ ಬರಬೇಕು? ನಾನು ಆಗ ಕಂಡೋಳೇ ಅಲ್ಲ."

"ಹೌದಲ್ವಾ, ನನ್ನ ಬುದ್ಧಿಗಿಷ್ಟು," ಎಂದು ಮಿತ್ಸು ಅವಳ ಕೈ ಒತ್ತಿದಳು. ತಾನು ಇನ್ನು ಇದನ್ನು ಮುಟ್ಟುವುದಿಲ್ಲ, ಯಜಮಾನಿಯಾದವಳು ನಾಲ್ಕು ಜನರ ಮುಂದೆ ಬರಿಮುಖದಲ್ಲಿ ನಿಲ್ಲಬಾರದು ಎಂದು ಪುಡಿಯ ಅರಗಿನ ಡಬ್ಬಿಯನ್ನು ತಾಕಿಯ ಮಡಿಲಲ್ಲಿಟ್ಟು ಹೋದಳು.

ಹೊಸವರ್ಷಕ್ಕೆ ತಾಕಿ ಮಹಡಿ ಹತ್ತಿದಳು. ಜಗಲಿಯ ಸೂರಿನಲ್ಲಿ ಅವಳೇ ಕಟ್ಟಿದ್ದ ಹಣ್ಣುಗಳು ಒಣಗಿ, ಮೇಲೆ ಬಿಳಿ ಸಕ್ಕರೆ ಹರಳುಗಟ್ಟಿ, ತಿನ್ನಲು ತಯಾರಾಗಿ ತೂಗುತ್ತಿದ್ದವು. ಯಾರೂ ತಿನ್ನಲಿಲ್ಲ. ಕೆಳಗೆ ಇಸಾಬುರೊ ಅದೇ ಹಲಗೆಗಳಿಂದ ಯುನೊಸಾವಾದ ಚಿತ್ರವನ್ನು ಹೊಸದಾಗಿ ಒತ್ತುತ್ತಿದ್ದ, ಬಿಳಿ ಇಲ್ಲದೆ, ಕಾಗದವನ್ನೇ ಬಿಟ್ಟು. ಛತ್ರದವರು ಒಪ್ಪಿದ್ದರು. ಚಿತ್ರ ಮೊದಲಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಆದರೆ ಹಿಮವನ್ನು ಬಿಡಬೇಕು ಅನ್ನುವ ಮಾತನ್ನು ಅವನು ಊಟದ ಹೊತ್ತಿಗಾಗಲಿ, ಕುಡಿದಾಗಲಾಗಲಿ ಮತ್ತೆ ಎತ್ತಲಿಲ್ಲ, ಎತ್ತಿದ್ದರೆ ತಾಕಿ ಹೂಂಗುಟ್ಟುತ್ತಲೂ ಇರಲಿಲ್ಲ.

ಹಬ್ಬದ ಬೆಳಗ್ಗೆ ಕಸುಬಿನವರು ಶುಭ ಹಾರೈಸಲು ಬರುವವರಿದ್ದರು. ತಾಕಿ ಕನ್ನಡಿಯ ಮುಂದೆ ಕೂತು ಮಿತ್ಸುವಿನ ಡಬ್ಬಿ ತೆರೆದಳು. ಆ ಕೊಳದ ದಿನದಿಂದ ಇವತ್ತಿನವರೆಗೆ ಅವಳು ಪುಡಿ ಮುಟ್ಟಿರಲಿಲ್ಲ. ನೀರು ಕಲಸಿ, ಹಣೆಗೆ, ಕೆನ್ನೆಗೆ, ಕುತ್ತಿಗೆಗೆ ತೆಳ್ಳಗೆ ಬಳಿದುಕೊಂಡಳು. ಗಂಡ ಬಾಗಿಲಲ್ಲಿ ನಿಂತು ನೋಡಿದ. ಡಬ್ಬಿ ಯಾರದೆಂದು ಗುರುತು ಸಿಕ್ಕಿ ಕೆಳಗೆ ಹೋದ. ಬಂದವರೆಲ್ಲ ಯಜಮಾನಿ ಎಂದು ಕರೆದರು, ವಯಸ್ಸೇ ಗೊತ್ತಾಗುವುದಿಲ್ಲ ಎಂದು ಹೊಗಳಿದರು. ಒಬ್ಬರಿಗೆ ಹೆಂಡ ಬಗ್ಗಿಸಿದ ಮೇಲೆ ಒಬ್ಬರಿಗೆ ಬಗ್ಗಿಸುವ ನಡುವೆ ಅವಳು ಏನೋ ನೆಪ ಹೇಳಿ ಎದ್ದು ಹೋಗಿ ಕನ್ನಡಿ ನೋಡಿಕೊಂಡಳು. ಮಧ್ಯಾಹ್ನ ನೋಡಿದಳು, ಅತಿಥಿಗಳು ಹೋದ ಮೇಲೆ ದೀಪ ಹತ್ತಿರ ಹಿಡಿದು ನೋಡಿದಳು. ಮುಖ ಬೆಳಗ್ಗೆ ಹಚ್ಚಿದಷ್ಟೇ ಬೆಳ್ಳಗಿತ್ತು. ಈ ಪಟ್ಟಣದ ಗಾಳಿಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮಲಗುವ ಮುನ್ನ ಇನ್ನೊಂದು ಸಲ ಎದ್ದು ಹೋಗಿ ನೋಡಿಕೊಂಡಳು.